‘ಬ್ರೋಕರೇಜ್ ಇಲ್ಲ’ ಅಂದರೆ ಖರ್ಚಿಲ್ಲ ಅಂತಲ್ಲ: ವಾಯಿದಾ ಮತ್ತು ಫಾರೆಕ್ಸ್ ವ್ಯಾಪಾರದ ಲೆಕ್ಕ



ಇಂಡಿಯಲ್ಲಿ ನಾನು ನಲವತ್ತು ವರ್ಷಗಳಿಂದ ತೊಗರಿ, ಕಡಲೆ, ಜೋಳದ ವ್ಯಾಪಾರ ಮಾಡುತ್ತಿದ್ದೇನೆ. ಓದಿದ್ದು ಪಿಯುಸಿವರೆಗೆ. ಬಿಡುವಿನ ವೇಳೆ ನಮ್ಮ ಕಡೆಯ ವಿದ್ಯಾರ್ಥಿಗಳ ಫೀ ನೆರವಿನ ಅರ್ಜಿ ತುಂಬಿಸುವುದು, ಅದರ ಲೆಕ್ಕ ನೋಡುವುದು ನನ್ನ ಸೇವೆ. ಈ ಕೆಲಸದಲ್ಲಿ ಕಂಡ ಒಂದು ಸಂಗತಿಯಿಂದ ಈ ಲೇಖನ ಹುಟ್ಟಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಬ್ಬ ತಂದೆ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಕಳೆದ ಹಂಗಾಮಿನ ತೊಗರಿ ಮಾರಿ ಫೀ ಮತ್ತು ಹಾಸ್ಟೆಲ್ಲಿಗೆಂದು ತಂದೆ ಅವನ ಖಾತೆಗೆ ಹಾಕಿದ್ದು ₹1,40,000. ಆ ಹಣ ಈಗ ಇಲ್ಲ. ಫೋನಿನಲ್ಲಿ ಒಂದು ಫಾರೆಕ್ಸ್ ಆ್ಯಪ್ ಇಟ್ಟುಕೊಂಡು ಹುಡುಗ ಮೂರು ತಿಂಗಳು ಯೂರೋ-ಡಾಲರ್ ಕೊಂಡು ಮಾರಿದ್ದ. ತಂದೆಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ನಿಧಿಯಿಂದ ಫೀ ಕೊಡಿ ಎಂದು ಕೇಳಲೂ ಅವರಿಗೆ ಬಾಯಿ ಬರಲಿಲ್ಲ.

ನಾನು ಹುಡುಗನಿಗೆ ಒಂದೇ ಮಾತು ಕೇಳಿದೆ: “ಇದರಾಗ ಖರ್ಚ ಎಷ್ಟ ಆತು?”

“ಕಾಕಾ, ಅದ್ರಾಗ ಬ್ರೋಕರೇಜ್ ಇಲ್ರಿ. ಖರ್ಚ ಏನೂ ಇಲ್ಲ. ನನ್ನ ಅಂದಾಜ ತಪ್ಪಿತ್ರಿ, ಅಷ್ಟ” ಅಂದ.

ಆ ಹುಡುಗ ಸುಳ್ಳು ಹೇಳಲಿಲ್ಲ. ಆ್ಯಪಿನಲ್ಲಿ ‘ಕಮಿಷನ್ ಸೊನ್ನೆ’ ಎಂದೇ ಬರೆದಿತ್ತು. ನಾವಿಬ್ಬರೂ ಕುಳಿತು ಆ್ಯಪಿನಿಂದ ಇಳಿಸಿದ ವಿವರವನ್ನು ಖಾತೆ ಬರೆಯುವ ಹಾಗೆ ಒಂದೊಂದೇ ಬರೆದೆವು. ಆ ಲೆಕ್ಕ ಕೊನೆಗೆ ಕೊಡುತ್ತೇನೆ. ಮೊದಲು ಈ ವ್ಯಾಪಾರಗಳಲ್ಲಿ ಖರ್ಚು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡೋಣ. ಇದು ಜೂಜೋ ವ್ಯಾಪಾರವೋ ಎಂಬ ಪ್ರಶ್ನೆಯನ್ನು ಅನೇಕರು ನನಗೆ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವಷ್ಟು ದೊಡ್ಡವನು ನಾನಲ್ಲ. ನನಗೆ ಗೊತ್ತಿರುವುದು ಲೆಕ್ಕ, ಅದನ್ನಷ್ಟೇ ಬರೆಯುತ್ತೇನೆ.

ವಾಯಿದಾ ವ್ಯಾಪಾರದ ಲೆಕ್ಕಪಟ್ಟಿ

ಈಗಿನವರು ಫ್ಯೂಚರ್ಸ್ ಎನ್ನುವುದನ್ನೇ ನಮ್ಮ ಪೇಟೆಯ ಹಿರಿಯರು ವಾಯಿದಾ ಎನ್ನುತ್ತಿದ್ದರು. ಮುಂದಿನ ಒಂದು ತಾರೀಖಿಗೆ ಇಂದೇ ದರ ಕಟ್ಟಿಕೊಳ್ಳುವುದು. ಇಂದು ಸಾಮಾನ್ಯ ಜನ ಹೆಚ್ಚಾಗಿ ಮಾಡುವುದು ನಿಫ್ಟಿಯಂಥ ಷೇರು ಸೂಚ್ಯಂಕದ ಫ್ಯೂಚರ್ಸ್ ಮತ್ತು ಆಪ್ಷನ್ಸ್.

ರೈತರು ಮಾಲು ತಂದಾಗ ಅಡತಿ ಅಂಗಡಿಯಲ್ಲಿ ಪಟ್ಟಿ ಬರೆದುಕೊಡುತ್ತೇವೆ. ತೂಕ ಎಷ್ಟು, ದರ ಎಷ್ಟು, ಯಾವ ಖರ್ಚು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಸೆಬಿ ನೋಂದಣಿ ಇರುವ ಬ್ರೋಕರ್ ಮೂಲಕ ವಾಯಿದಾ ಮಾಡಿದರೂ ಹಾಗೆಯೇ ಅಂದು ಸಂಜೆಗೆ ಒಂದು ಕಾಂಟ್ರಾಕ್ಟ್ ನೋಟ್ ಇಮೇಲಿಗೆ ಬರುತ್ತದೆ. ಅನೇಕರು ಅದನ್ನು ತೆರೆದೂ ನೋಡುವುದಿಲ್ಲ.

ನಿಫ್ಟಿ ಫ್ಯೂಚರ್ಸ್‌ನ ಒಂದು ಲಾಟ್ ಅಂದರೆ ಈಗ 65. ಲೆಕ್ಕಕ್ಕೆ ಸುಲಭವಾಗಲೆಂದು ಸೂಚ್ಯಂಕ 25,000 ಎಂದು ಹಿಡಿಯೋಣ. ಆಗ ಒಂದು ಲಾಟಿನ ಬೆಲೆ ₹16,25,000. ಬೆಳಿಗ್ಗೆ ಕೊಂಡು, ಅದೇ ದರಕ್ಕೆ ಮಧ್ಯಾಹ್ನ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಖರ್ಚು ಹೀಗೆ ಬೀಳುತ್ತದೆ:

• ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಮಾರುವಾಗ ಶೇ 0.05: ₹812.50
• ವಿನಿಮಯ ಕೇಂದ್ರದ ಶುಲ್ಕ, ಎರಡೂ ಬದಿ ಸೇರಿ: ಸುಮಾರು ₹56
• ಮುದ್ರಾಂಕ ಶುಲ್ಕ, ಕೊಳ್ಳುವಾಗ ಶೇ 0.002: ₹32.50
• ಸೆಬಿ ಶುಲ್ಕ, ಕೋಟಿಗೆ ₹10ರಂತೆ ಎರಡು ಬದಿ: ₹3.25
• ಬ್ರೋಕರೇಜ್, ಒಂದು ಆರ್ಡರಿಗೆ ₹20 ಎಂದು ಹಿಡಿದರೆ: ₹40
• ಬ್ರೋಕರೇಜ್ ಮತ್ತು ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ: ಸುಮಾರು ₹18

ಒಟ್ಟು ₹960ರ ಸುಮಾರು. ಇದರಲ್ಲಿ ಬ್ರೋಕರೇಜ್ ಬರೀ ₹40 ಎಂಬುದನ್ನು ಗಮನಿಸಿ. ‘ನಮ್ಮಲ್ಲಿ ಬ್ರೋಕರೇಜ್ ಕಡಿಮೆ’ ಎಂಬ ಜಾಹೀರಾತು ಹೇಳುವುದು ಈ ನಲವತ್ತು ರೂಪಾಯಿಯ ಮಾತನ್ನು ಮಾತ್ರ.

ಎಸ್‌ಟಿಟಿ ಎರಡು ವರ್ಷದೊಳಗೆ ಎರಡು ಸಲ ಏರಿದೆ. 2024ರ ಅಕ್ಟೋಬರ್ 1ಕ್ಕೆ ಮುಂಚೆ ಫ್ಯೂಚರ್ಸ್ ಮೇಲೆ ಶೇ 0.0125 ಇತ್ತು. ಅಂದಿನಿಂದ ಶೇ 0.02 ಆಯಿತು. 2026ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಅದನ್ನು ಶೇ 0.05ಕ್ಕೆ ಏರಿಸುವ ಪ್ರಸ್ತಾಪ ಮಾಡಿದರು. ಏಪ್ರಿಲ್ 1ರಿಂದ ಅನ್ವಯ. ಹಳೆಯ ದರದಲ್ಲಿ ಇದೇ ವಹಿವಾಟಿಗೆ ₹475ರ ಸುಮಾರು ಬೀಳುತ್ತಿತ್ತು. ಈಗ ದುಪ್ಪಟ್ಟಾಗಿದೆ. ಮೊದಲು ಸೂಚ್ಯಂಕ ಏಳೆಂಟು ಅಂಕ ನಿಮ್ಮ ಕಡೆಗೆ ಸರಿದರೆ ಖರ್ಚು ಹುಟ್ಟುತ್ತಿತ್ತು. ಈಗ ಹದಿನೈದು ಅಂಕ ಸರಿಯಬೇಕು. ಅಲ್ಲಿಂದ ಮುಂದಿನದಷ್ಟೇ ಲಾಭ.

ದಿನಕ್ಕೆ ಒಂದೇ ಸಲ, ಒಂದೇ ಲಾಟ್ ಆಡುವವನ ಲೆಕ್ಕ ನೋಡಿ. ವರ್ಷಕ್ಕೆ 240 ದಿನ ಎಂದರೆ ₹960ರಂತೆ ₹2,30,400. ಈ ಲಾಟಿಗೆ ಇಡಬೇಕಾದ ಮಾರ್ಜಿನ್ ದಿನದಿಂದ ದಿನಕ್ಕೆ ಬದಲಾದರೂ ಎರಡು ಲಕ್ಷದ ಆಸುಪಾಸಿನಲ್ಲಿರುತ್ತದೆ. ಅಂದರೆ ಅವನು ಇಟ್ಟ ಬಂಡವಾಳಕ್ಕಿಂತ ಹೆಚ್ಚು ಹಣ ಒಂದು ವರ್ಷದಲ್ಲಿ ಖರ್ಚಿಗೇ ಹೋಗುತ್ತದೆ. ಅವನ ಅಂದಾಜು ಅರ್ಧ ಸರಿ, ಅರ್ಧ ತಪ್ಪು ಆಗಿ ಸಮಸಮ ಬಂದರೂ ಬಂಡವಾಳ ಉಳಿಯುವುದಿಲ್ಲ. ನಮ್ಮ ಕಿರಾಣಿ ಅಂಗಡಿ, ಬಟ್ಟೆ ಅಂಗಡಿಯವರು ಯಾರಾದರೂ ಇಂಥ ಖರ್ಚಿನ ಧಂದೆಗೆ ಕೈ ಹಾಕುತ್ತಾರೆಯೇ?

ಆಪ್ಷನ್ಸ್ ಆಡುವವರು ‘ನನ್ನದು ಬರೀ ಸಾವಿರ-ಎರಡು ಸಾವಿರದ ಆಟ’ ಎನ್ನುತ್ತಾರೆ. ಪ್ರೀಮಿಯಂ ₹20 ಇರುವ ಒಂದು ಲಾಟ್ ಕೊಂಡರೆ ₹1,300. ಕೊಂಡು ಮಾರಿದರೆ ಬ್ರೋಕರೇಜ್ ₹40, ಅದರ ಜಿಎಸ್‌ಟಿ, ಶೇ 0.15ಕ್ಕೆ ಏರಿದ ಎಸ್‌ಟಿಟಿ, ಬೇರೆ ಶುಲ್ಕ ಸೇರಿ ₹50ರ ಸುಮಾರು. ಒಂದು ಸುತ್ತಿಗೆ ನೂರಕ್ಕೆ ನಾಲ್ಕರ ಹತ್ತಿರ. ನೂರು ರೂಪಾಯಿ ಸಾಲಕ್ಕೆ ತಿಂಗಳಿಗೆ ನಾಲ್ಕು ರೂಪಾಯಿ ಬಡ್ಡಿ ಕೇಳಿದರೆ ನಾವು ಮೀಟರ್ ಬಡ್ಡಿ ಎಂದು ಬೈಯುತ್ತೇವೆ. ಇಲ್ಲಿ ಅದು ಹತ್ತು ನಿಮಿಷಕ್ಕೆ ಹೋಗುತ್ತದೆ.

ಇದು ಬರೀ ನನ್ನ ಮಾತಲ್ಲ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಖರ್ಚೂ ಸೇರಿ ಒಟ್ಟು ನಷ್ಟ ₹1.8 ಲಕ್ಷ ಕೋಟಿ ಮೀರಿದೆ. ಖರ್ಚೆಂದೇ ಅವರು ತೆತ್ತಿದ್ದು ಸುಮಾರು ₹50,000 ಕೋಟಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. 2025ರ ಜುಲೈನಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ 2024-25ರ ಒಂದೇ ವರ್ಷದ ನಷ್ಟ ₹1,05,603 ಕೋಟಿ. ಅಲ್ಲಿಯೂ ನಷ್ಟವಾದವರು ಶೇ 91.

ಇದೇ 2024ರ ಅಧ್ಯಯನದ ಇನ್ನೆರಡು ಅಂಶಗಳು ನಮ್ಮಂಥ ಊರಿನವರು ಓದಬೇಕಾದವು. ಆಡುವವರಲ್ಲಿ ಶೇ 72ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತು. ಮುಂಬೈಯ ದಲಾಲ್ ಸ್ಟ್ರೀಟಿನ ಸುದ್ದಿ ಎಂದು ನಾವು ಬಿಟ್ಟದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಮನೆಯೊಳಗೆ ಬಂದಿದೆ.

ಹುಡುಗರು ಕಳೆದುಕೊಂಡದ್ದು ಯಾರ ಕೈಗೆ ಹೋಯಿತು? ಅದೇ ಅಧ್ಯಯನದ ಪ್ರಕಾರ 2023-24ರಲ್ಲಿ ಸ್ವಂತ ಹಣದಲ್ಲಿ ಆಡುವ ಬ್ರೋಕರ್ ಸಂಸ್ಥೆಗಳಿಗೆ ಸುಮಾರು ₹33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ಸುಮಾರು ₹28,000 ಕೋಟಿ ಲಾಭ, ಖರ್ಚು ಕಳೆಯುವ ಮುಂಚೆ. ಅದರ ಬಹುಪಾಲು ಕಂಪ್ಯೂಟರ್ ತಾನಾಗಿ ಮಾಡುವ ವಹಿವಾಟಿನಿಂದ ಬಂದದ್ದು. ಎದುರಿಗೆ ಕುಳಿತವನು ನಮ್ಮ ಹುಡುಗನಂಥ ಇನ್ನೊಬ್ಬ ಹುಡುಗನಲ್ಲ.

ಕರೆನ್ಸಿ ವಾಯಿದಾ: ಅಗ್ಗವಾಗಿತ್ತು, ಬಾಗಿಲು ಹಾಕಿತು

ಈಗ ಡಾಲರಿನ ವಿಷಯಕ್ಕೆ ಬರೋಣ. ವಿದೇಶಿ ನಾಣ್ಯದ ವಾಯಿದಾ ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿಯೇ ಇದೆ. 2008ರ ಆಗಸ್ಟ್ 29ರಂದು ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ ಶುರುವಾಯಿತು. ಒಂದು ಲಾಟ್ ಅಂದರೆ 1,000 ಡಾಲರ್. ಮುಂದೆ ಯೂರೋ, ಪೌಂಡ್, ಯೆನ್ ಸೇರಿದವು.

ಇದಕ್ಕೆ ಎಸ್‌ಟಿಟಿ ಇಲ್ಲ. ಮುದ್ರಾಂಕ ಶುಲ್ಕವೂ ತೀರ ಕಡಿಮೆ. ಡಾಲರಿಗೆ ₹90 ಎಂದು ಹಿಡಿದು 18 ಲಾಟ್, ಅಂದರೆ ₹16,20,000ದ ವಹಿವಾಟು ಕೊಂಡು ಮಾರಿದರೆ ಬ್ರೋಕರೇಜ್ ₹40 ಸೇರಿ ಒಟ್ಟು ಖರ್ಚು ₹70ರ ಒಳಗೆ. ನಿಫ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬೆಲೆಯ ವಹಿವಾಟಿಗೆ ₹960 ಎಂದು ಮೇಲೆ ನೋಡಿದೆವು.

ಹಾಗಾದರೆ ಎಲ್ಲರೂ ಇದನ್ನೇ ಮಾಡಬಹುದಲ್ಲ? ಇಲ್ಲ. ರಿಸರ್ವ್ ಬ್ಯಾಂಕು 2024ರ ಜನವರಿ 5ರ ಸುತ್ತೋಲೆಯಲ್ಲಿ ಒಂದು ಮಾತು ಸ್ಪಷ್ಟಪಡಿಸಿತು. ರೂಪಾಯಿ ಇರುವ ಕರೆನ್ಸಿ ವಾಯಿದಾ ಇರುವುದು ನಿಜವಾದ ವಿದೇಶಿ ನಾಣ್ಯದ ಲೇವಾದೇವಿ ಇದ್ದವರು ದರದ ಏರಿಳಿತದಿಂದ ರಕ್ಷಣೆ ಪಡೆಯಲಿಕ್ಕೆ. ಹತ್ತು ಕೋಟಿ ಡಾಲರ್‌ವರೆಗೆ ಕಾಗದಪತ್ರ ತೋರಿಸಬೇಕಿಲ್ಲ, ಆದರೆ ವ್ಯವಹಾರ ಮಾತ್ರ ಇರಲೇಬೇಕು. ಏಪ್ರಿಲ್ 5ರಿಂದ ಜಾರಿ ಎಂದದ್ದನ್ನು ಗದ್ದಲವಾದ ಮೇಲೆ ಮೇ 3ಕ್ಕೆ ಮುಂದೂಡಿದರು. ಇದು ಹೊಸ ನಿಯಮವಲ್ಲ, ಮೊದಲಿಂದಲೂ ಇದ್ದದ್ದೇ ಎಂದು ರಿಸರ್ವ್ ಬ್ಯಾಂಕು ಹೇಳಿತು. ಅದಾದ ಮೇಲೆ ಆ ವಿಭಾಗದ ವಹಿವಾಟು ಕುಸಿದುಹೋಯಿತು.

ನನಗೆ ಇದರಲ್ಲಿ ಎರಡು ಬದಿ ಕಾಣುತ್ತವೆ. ವಿಜಯಪುರ ಜಿಲ್ಲೆಯ ದ್ರಾಕ್ಷಿಯನ್ನು ಹೊರದೇಶಕ್ಕೆ ಕಳಿಸುವವರಿಗೆ, ಆಫ್ರಿಕಾದ ತೊಗರಿ ಆಮದು ಮಾಡುವವರಿಗೆ ಡಾಲರಿನ ದರ ನಿಜವಾದ ಚಿಂತೆ. ಎರಡು ತಿಂಗಳ ನಂತರ ಬರಬೇಕಾದ ಡಾಲರಿಗೆ ಇಂದೇ ದರ ಕಟ್ಟಿಕೊಂಡರೆ ರಾತ್ರಿ ನಿದ್ದೆ ಬರುತ್ತದೆ. ಅವರಿಗೆ ಈ ಬಾಗಿಲು ಈಗಲೂ ತೆರೆದಿದೆ, ಅದೂ ಕಡಿಮೆ ಖರ್ಚಿನಲ್ಲಿ. ಅಂಥ ಬಾಂಧವರು ತಮ್ಮ ಬ್ಯಾಂಕಿನಲ್ಲಿ, ಬ್ರೋಕರ್ ಹತ್ತಿರ ವಿಚಾರಿಸಬೇಕು.

ಇನ್ನೊಂದು ಬದಿ, ಲೇವಾದೇವಿ ಇಲ್ಲದ ಹುಡುಗರು. ಅವರಿಗೆ ಡಾಲರಿನ ಚಪಲ ಹತ್ತಿದ ಮೇಲೆ ಇಲ್ಲಿ ಬಾಗಿಲು ಹಾಕಿತು. ರೂಪಾಯಿ ಇಲ್ಲದ ಯೂರೋ-ಡಾಲರಿನಂಥ ಜೋಡಿಗಳು ನಮ್ಮ ವಿನಿಮಯ ಕೇಂದ್ರದಲ್ಲಿಯೂ ಇವೆ, ಆದರೆ ಅಲ್ಲಿ ಕೊಳ್ಳುವವರು-ಮಾರುವವರು ಕಡಿಮೆ. ಅದೇ ಹೊತ್ತಿಗೆ ಫೋನಿನಲ್ಲಿ ಇನ್ನೊಂದು ಬಾಗಿಲು ತೆರೆದು ‘ಬಾ, ಇಲ್ಲಿ ಬ್ರೋಕರೇಜೂ ಇಲ್ಲ’ ಎಂದು ಕರೆಯಿತು.

ಫಾರೆಕ್ಸ್ ಆ್ಯಪಿನ ಖರ್ಚು ಎಲ್ಲಿದೆ?

ಆ್ಯಪಿನಲ್ಲಿ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ ಇರುತ್ತವೆ. ನಡುವಿನ ಅಂತರಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಬಂಗಾರದ ಅಂಗಡಿಯಲ್ಲಿ ಕೊಳ್ಳುವ ದರಕ್ಕೆ ಆಭರಣ ತಿರುಗಿ ತೆಗೆದುಕೊಳ್ಳುವುದಿಲ್ಲವಲ್ಲ, ಹಾಗೆಯೇ. ಕೊಂಡ ಕ್ಷಣಕ್ಕೇ ನೀವು ಅಷ್ಟು ನಷ್ಟದಲ್ಲಿರುತ್ತೀರಿ. ಅದು ಪಟ್ಟಿಯಲ್ಲಿ ಖರ್ಚೆಂದು ಬರುವುದಿಲ್ಲ, ನಿಮ್ಮ ನಷ್ಟದೊಳಗೆ ಸೇರಿಹೋಗುತ್ತದೆ.

ಯೂರೋ-ಡಾಲರಿನಲ್ಲಿ ದರದ ನಾಲ್ಕನೆಯ ದಶಮಾಂಶದ ಒಂದು ಹೆಜ್ಜೆಗೆ ಪಿಪ್ ಎಂದು ಹೆಸರು. ಹತ್ತು ಸಾವಿರ ಯೂರೋದ ಲಾಟಿಗೆ ಒಂದು ಪಿಪ್ ಅಂದರೆ ಒಂದು ಡಾಲರ್. ಸ್ಪ್ರೆಡ್ ಒಂದೂವರೆ ಪಿಪ್ ಎಂದು ಹಿಡಿದರೆ ಒಂದು ಸುತ್ತಿಗೆ ಒಂದೂವರೆ ಡಾಲರ್, ಅಂದರೆ ₹135. ಯೂರೋ ದರ 1.16 ಡಾಲರ್ ಎಂದುಕೊಂಡರೆ ಆ ಲಾಟಿನ ಬೆಲೆ ಸುಮಾರು ₹10,44,000.

ಮೂರನ್ನೂ ಒಂದೇ ಅಳತೆಗೆ ತಂದು ನೋಡೋಣ. ಒಂದು ಲಕ್ಷದ ವಹಿವಾಟು ಕೊಂಡು ಮಾರಿದರೆ ನಿಫ್ಟಿ ಫ್ಯೂಚರ್ಸ್‌ಗೆ ಸುಮಾರು ₹59, ಫಾರೆಕ್ಸ್ ಆ್ಯಪಿಗೆ ₹13, ನಮ್ಮ ವಿನಿಮಯ ಕೇಂದ್ರದ ಕರೆನ್ಸಿ ಫ್ಯೂಚರ್ಸ್‌ಗೆ ₹4.

ಇದನ್ನು ನೋಡಿ ಹುಡುಗರು ‘ನೋಡ್ರಿ, ಫಾರೆಕ್ಸ್ ನಿಫ್ಟಿಗಿಂತ ಅಗ್ಗ’ ಎನ್ನುತ್ತಾರೆ. ವಹಿವಾಟಿನ ಮೇಲೆ ಅಳೆದರೆ ಅವರ ಮಾತು ಸರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವ್ಯಾಪಾರಿ ಖರ್ಚನ್ನು ಅಳೆಯುವುದು ತನ್ನ ಕೈಯ ಬಂಡವಾಳದ ಮೇಲೆ. ನಿಫ್ಟಿಯಲ್ಲಿ ಎರಡು ಲಕ್ಷ ಮಾರ್ಜಿನ್ ಇಟ್ಟು ₹960 ಖರ್ಚು ಎಂದರೆ ಒಂದು ಸುತ್ತಿಗೆ ನೂರಕ್ಕೆ ಅರ್ಧ ರೂಪಾಯಿ. ಆ್ಯಪಿನವರು ಒಂದಕ್ಕೆ ಐನೂರು ಪಟ್ಟು ಕೊಡುತ್ತೇವೆ ಎನ್ನುತ್ತಾರೆ. ಅಂದರೆ ಈ ಹತ್ತೂವರೆ ಲಕ್ಷದ ಲಾಟಿಗೆ ಸುಮಾರು ₹2,100 ಇಟ್ಟರೆ ಸಾಕು. ₹2,100ಕ್ಕೆ ₹135 ಖರ್ಚು ಎಂದರೆ ನೂರಕ್ಕೆ ಆರು ರೂಪಾಯಿಗಿಂತ ಹೆಚ್ಚು. ಯುರೋಪಿನಲ್ಲಿ ಇಂಥ ಖಾತೆಗಳಲ್ಲಿ ಶೇ 74ರಿಂದ 89ರಷ್ಟು ನಷ್ಟದಲ್ಲಿವೆ ಎಂದು ಕಂಡ ಮೇಲೆ ಅಲ್ಲಿನ ನಿಯಂತ್ರಕ ಸಂಸ್ಥೆ ಎಸ್ಮಾ 2018ರ ಆಗಸ್ಟ್‌ನಿಂದ ಮುಖ್ಯ ಕರೆನ್ಸಿಗಳಿಗೂ ಮೂವತ್ತು ಪಟ್ಟಿನ ಮಿತಿ ಹಾಕಿತು. ನಮ್ಮ ಹುಡುಗರ ಫೋನಿನಲ್ಲಿ ಐನೂರು ಪಟ್ಟು!

ಇನ್ನೂ ಮೂರು ಖರ್ಚುಗಳಿವೆ. ಒಂದು, ರಾತ್ರಿ ದಾಟಿಸಿದರೆ ಬೀಳುವ ಬಡ್ಡಿ. ಅದಕ್ಕೆ ಸ್ವಾಪ್ ಎನ್ನುತ್ತಾರೆ, ಬುಧವಾರ ಸಾಮಾನ್ಯವಾಗಿ ಮೂರು ದಿನದ್ದು ಸೇರಿ ಬೀಳುತ್ತದೆ. ಎರಡು, ರೂಪಾಯಿ ಕೊಟ್ಟು ಡಾಲರ್ ಮಾಡುವಾಗಿನ ದರ. ಪೇಟೆಯಲ್ಲಿ ₹90 ಇದ್ದರೆ ಇವರು ₹93, ₹94 ಹಿಡಿಯುತ್ತಾರೆ. ಮೂರು, ದರ ಜಿಗಿದಾಗ ನೀವು ಹೇಳಿದ ದರಕ್ಕೆ ಸಿಗದೆ ಬೇರೆ ದರಕ್ಕೆ ಕುದುರುವುದು. ಇಂಥ ಅನೇಕ ಆ್ಯಪುಗಳಲ್ಲಿ ನಿಮ್ಮ ಎದುರಿನ ಗಿರಾಕಿ ಆ ಕಂಪನಿಯೇ. ನಿಮ್ಮ ನಷ್ಟ ಅದರ ಲಾಭ. ದರ ತೋರಿಸುವ ಪರದೆಯೂ ಅದರದ್ದೇ.

ಎಲ್ಲಕ್ಕಿಂತ ದೊಡ್ಡ ಖರ್ಚು

ಮೇಲಿನದೆಲ್ಲ ಹಣ ತಿರುಗಿ ಬರುತ್ತದೆ ಎಂದುಕೊಂಡು ಹಾಕಿದ ಲೆಕ್ಕ. ಫಾರೆಕ್ಸ್ ಆ್ಯಪಿನಲ್ಲಿ ಆ ನಂಬಿಕೆಗೇ ಆಧಾರವಿಲ್ಲ.

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ 1999ರ ಪ್ರಕಾರ ವಿದೇಶಿ ನಾಣ್ಯದ ವ್ಯವಹಾರ ಅಧಿಕೃತ ಬ್ಯಾಂಕುಗಳ ಜತೆ ಅಥವಾ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ, ಅನುಮತಿ ಇರುವ ಉದ್ದೇಶಕ್ಕೆ ಮಾತ್ರ ನಡೆಯಬೇಕು. ಹೊರದೇಶಕ್ಕೆ ಹಣ ಕಳಿಸುವ ಉದಾರೀಕೃತ ಯೋಜನೆಯಡಿ ಇಂಥ ವಹಿವಾಟಿನ ಮಾರ್ಜಿನ್ನಿಗೆ ಹಣ ಕಳಿಸಲು ಅವಕಾಶವಿಲ್ಲ. ರಿಸರ್ವ್ ಬ್ಯಾಂಕು 2022ರ ಫೆಬ್ರುವರಿಯಲ್ಲಿ ಇದನ್ನು ಸಾರ್ವಜನಿಕವಾಗಿ ಎಚ್ಚರಿಸಿತು. ಅದೇ ವರ್ಷದ ಸೆಪ್ಟೆಂಬರ್ 7ರಂದು 34 ಹೆಸರುಗಳ ಎಚ್ಚರಿಕೆ ಪಟ್ಟಿ ಪ್ರಕಟಿಸಿತು. ಮುಂದೆ ಪಟ್ಟಿ ಬೆಳೆಯುತ್ತ ಹೋಗಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅದು ಅಧಿಕೃತ ಎಂದಲ್ಲ, ಇದನ್ನು ರಿಸರ್ವ್ ಬ್ಯಾಂಕೇ ಹೇಳಿದೆ.

ಕಾಯ್ದೆ ಮೀರಿದರೆ ದಂಡ ಬೀಳುವುದು ಕಂಪನಿಗೆ ಮಾತ್ರವಲ್ಲ, ಹಣ ಹಾಕಿದವನಿಗೂ. ವಹಿವಾಟಿನ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ. ಹಾಗಾಗಿ ಮೋಸಹೋದ ಹುಡುಗ ದೂರು ಕೊಡಲೂ ಹೆದರುತ್ತಾನೆ. ಈ ಹೆದರಿಕೆಯೇ ಆ್ಯಪಿನವರಿಗೆ ಬಂಡವಾಳ.

ಇನ್ನೊಂದು ಅಪಾಯ. ಹಣ ಹಾಕುವಾಗ ಇವರು ಕೊಡುವುದು ಯಾರೋ ಅಪರಿಚಿತರ ಖಾತೆ ಅಥವಾ ಯುಪಿಐ. ತೆಗೆಯುವಾಗಲೂ ಯಾರದೋ ಖಾತೆಯಿಂದ ಬರುತ್ತದೆ. ಅದು ಬೇರೆ ಮೋಸದ ಹಣವಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆಯೇ ಸ್ಥಗಿತವಾಗಬಹುದು. ತಂದೆಯ ಅಂಗಡಿಯ ಖಾತೆಯಿಂದ ಹುಡುಗ ವ್ಯವಹಾರ ಮಾಡಿದ್ದರೆ ಪೂರ್ತಿ ಅಂಗಡಿಯ ಲೇವಾದೇವಿ ನಿಂತುಹೋಗುತ್ತದೆ.

ವಾಯಿದಾದಲ್ಲಿ ನಷ್ಟವಾದರೂ ನಿಮ್ಮ ಬೆನ್ನಿಗೆ ಕಾನೂನು ಇರುತ್ತದೆ. ಬ್ರೋಕರ್ ತಪ್ಪು ಮಾಡಿದರೆ ಸೆಬಿಯ ಸ್ಕೋರ್ಸ್‌ನಲ್ಲಿ ದೂರು ಕೊಡಬಹುದು. ಮಾನ್ಯ ವಿನಿಮಯ ಕೇಂದ್ರದ ವಾಯಿದಾ ನಷ್ಟವನ್ನು ವ್ಯಾಪಾರದ ನಷ್ಟವೆಂದು ತೋರಿಸಿ, ಅವಧಿಯೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಫಾರೆಕ್ಸ್ ಆ್ಯಪಿನ ನಷ್ಟಕ್ಕೆ ಈ ಅನುಕೂಲ ಇಲ್ಲ. ಹೆಚ್ಚಿನ ವಿವರವನ್ನು ನಿಮ್ಮ ಲೆಕ್ಕಪರಿಶೋಧಕರಿಂದ ಕೇಳಿಕೊಳ್ಳಿ.

ಹುಡುಗನ ಖಾತೆ

ಈಗ ಆ ಹುಡುಗನ ಲೆಕ್ಕ. ಡಾಲರಿಗೆ ₹90 ಎಂದು ಹಿಡಿದಿದ್ದೇವೆ.

ಅವನು ಹಾಕಿದ್ದು ₹1,40,000. ಆ್ಯಪಿನವರು ₹94ರಂತೆ ಹಿಡಿದು 1,489 ಡಾಲರ್ ಜಮಾ ಮಾಡಿದರು. ಅಲ್ಲಿಗೇ ₹5,990 ಹೋಯಿತು. ಮೂರು ತಿಂಗಳಲ್ಲಿ 410 ಸುತ್ತು ಕೊಂಡು ಮಾರಿದ್ದಾನೆ. ಒಂದೂವರೆ ಡಾಲರಿನಂತೆ ಸ್ಪ್ರೆಡ್ 615 ಡಾಲರ್, ಅಂದರೆ ₹55,350. ರಾತ್ರಿ ದಾಟಿಸಿದ್ದಕ್ಕೆ ಬಡ್ಡಿ 38 ಡಾಲರ್, ₹3,420. ಮೂರೂ ಕೂಡಿ ₹64,760.

ಅಂದಾಜು ತಪ್ಪಿ ನಿಜವಾಗಿ ಕಳೆದದ್ದು 416 ಡಾಲರ್, ₹37,440. ಪರದೆಯ ಮೇಲೆ ಉಳಿದದ್ದು 420 ಡಾಲರ್, ₹37,800.

‘ಖರ್ಚ ಏನೂ ಇಲ್ಲ’ ಎಂದಿದ್ದ ಹುಡುಗ ₹64,760ರ ಅಂಕಿಯನ್ನು ಎರಡು ಸಲ ತಾನೇ ಕೂಡಿಸಿ ನೋಡಿದ. ಮಾತಾಡಲಿಲ್ಲ. ಅಂದಾಜು ತಪ್ಪಿದ್ದಕ್ಕಿಂತ ಖರ್ಚಿಗೇ ಹೆಚ್ಚು ಹೋಗಿತ್ತು. ಅವನು ಇಷ್ಟು ದಿನ ತನ್ನ ಬುದ್ಧಿ ಸಾಲದು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಇನ್ನೂ ಹೆಚ್ಚು ವಿಡಿಯೊ ನೋಡಿ ಕಲಿತರೆ ಗೆಲ್ಲುತ್ತೇನೆ ಎಂದುಕೊಂಡಿದ್ದ.

ಉಳಿದ ₹37,800 ತೆಗೆಯಲು ಹೋದಾಗ ಮೊದಲು ₹18,000 ‘ತೆರಿಗೆ’ ಕಟ್ಟಬೇಕು ಎಂದರು. ಗೆಳೆಯನ ಹತ್ತಿರ ಸಾಲ ಮಾಡಿ ಕಟ್ಟಿದ. ಆಮೇಲೆ ಇನ್ನೊಂದು ಶುಲ್ಕ ಕೇಳಿದರು. ಆಗ ತಂದೆಗೆ ಹೇಳಿದ. ಒಟ್ಟು ಹೋದದ್ದು ₹1,58,000. ಒಂದು ಮಾತು ನೆನಪಿಡಿ: ನಮ್ಮ ಹಣವನ್ನು ನಮಗೆ ಕೊಡಲು ಮೊದಲು ಹಣ ಕೇಳುವವರು ಯಾವತ್ತೂ ಕೊಡುವುದಿಲ್ಲ. ಯಾವ ತೆರಿಗೆಯೂ ಯಾರದೋ ಯುಪಿಐಗೆ ಕಟ್ಟುವಂಥದ್ದಿರುವುದಿಲ್ಲ.

ನಿಧಿಯಿಂದ ಅರ್ಧ ಫೀ ಕೊಡಲು ತೀರ್ಮಾನವಾಯಿತು. ಕೆಲವರು ಬೇಡ ಎಂದರು, ಅವರ ಮಾತಿನಲ್ಲಿಯೂ ಹುರುಳಿತ್ತು. ಆ ಹಣದಿಂದ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಆಗುತ್ತಿತ್ತು. ಉಳಿದರ್ಧ ತಂದೆ ಹೊಂದಿಸಿದರು. ಹುಡುಗ ನೌಕರಿ ಹಿಡಿದ ಮೇಲೆ ನಿಧಿಗೆ ತಿರುಗಿ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದಾನೆ.

ನಮ್ಮ ಪೇಟೆಯ ಒಂದು ಅಹವಾಲು

ಹುಡುಗರನ್ನಷ್ಟೇ ದೂರುವುದು ಸರಿಯಲ್ಲ. ವಾಯಿದಾ ಹುಟ್ಟಿದ್ದು ರೈತ ಮತ್ತು ವ್ಯಾಪಾರಿ ದರದ ಏರಿಳಿತದಿಂದ ಉಳಿಯಲೆಂದು. ನಮ್ಮ ಕಡೆಯ ಮುಖ್ಯ ಬೆಳೆ ತೊಗರಿ. ಅದರ ವಾಯಿದಾ 2007ರ ಜನವರಿಯಲ್ಲಿಯೇ ನಿಂತಿತು. 2021ರ ಡಿಸೆಂಬರ್ 20ರಂದು ಕಡಲೆ, ಗೋಧಿ, ಹೆಸರು ಸೇರಿ ಏಳು ಕೃಷಿ ಸರಕುಗಳ ವಾಯಿದಾಕ್ಕೆ ತಡೆ ಬಿತ್ತು. ಆ ತಡೆಯನ್ನು ಮುಂದುವರಿಸುತ್ತಲೇ ಬಂದರು. ಧಾರಣೆ ಏರುತ್ತದೆ ಎಂಬ ಸರ್ಕಾರದ ಅಂಜಿಕೆ ನನಗೂ ಅರ್ಥವಾಗುತ್ತದೆ. ಆದರೆ ಗೋದಾಮಿನಲ್ಲಿ ನೂರು ಚೀಲ ತೊಗರಿ ಇಟ್ಟುಕೊಂಡ ವ್ಯಾಪಾರಿಗೆ ದರ ಕಟ್ಟಿಕೊಳ್ಳಲು ಜಾಗವಿಲ್ಲ. ತೊಗರಿಯ ಗುರುತೇ ಇಲ್ಲದವನು ನಿಫ್ಟಿಯ ಮೇಲೆ ದಿನಕ್ಕೆ ಹತ್ತು ಸಲ ಆಡಲು ಮಾತ್ರ ಅಡ್ಡಿಯಿಲ್ಲ. ಅದನ್ನು ಕಡಿಮೆ ಮಾಡಲು ತೆರಿಗೆ ಏರಿಸಿದ್ದಾರೆ, ಸೆಬಿಯೂ 2024ರ ನವೆಂಬರ್‌ನಿಂದ ಲಾಟಿನ ಗಾತ್ರ ದೊಡ್ಡದು ಮಾಡಿದೆ. ಆದರೆ ಇಲ್ಲಿ ಖರ್ಚು ಏರಿದಷ್ಟೂ ಅಗ್ಗವೆಂದು ಕಾಣುವ ಫಾರೆಕ್ಸ್ ಆ್ಯಪಿನ ಕಡೆಗೆ ಹುಡುಗರು ಹೊರಳುತ್ತಾರೆ ಎಂಬುದು ನನ್ನ ಆತಂಕ. ಆ ಆ್ಯಪುಗಳನ್ನು ತಡೆಯದೆ ಈ ಕಡೆ ತೆರಿಗೆ ಏರಿಸಿದರೆ ಕೆಲಸ ಅರ್ಧವೇ ಆದೀತು.

ಮನೆಯಲ್ಲಿ ಮಾಡಬೇಕಾದ್ದು

• ಹಣ ಕಟ್ಟುವ ಮುಂಚೆ ಬ್ರೋಕರಿನ ನೋಂದಣಿಯನ್ನು ಸೆಬಿ ಜಾಲತಾಣದಲ್ಲಿ ನೋಡಿ. 2025ರ ಅಕ್ಟೋಬರ್ 1ರಿಂದ ನೋಂದಾಯಿತ ಬ್ರೋಕರುಗಳಿಗೆ ‘ವ್ಯಾಲಿಡ್’ ಎಂಬ ಪದವಿರುವ ವಿಶೇಷ ಯುಪಿಐ ವಿಳಾಸಗಳಿವೆ. ‘ಸೆಬಿ ಚೆಕ್’ ಎಂಬ ಸೌಲಭ್ಯದಲ್ಲಿ ಅದನ್ನು ಪರೀಕ್ಷಿಸಬಹುದು.

• ಈಗಾಗಲೇ ವಾಯಿದಾ ಮಾಡುವವರು ಕಳೆದ ಮೂರು ತಿಂಗಳ ಕಾಂಟ್ರಾಕ್ಟ್ ನೋಟ್ ತೆಗೆದು ಖರ್ಚಿನ ಸಾಲನ್ನು ಮಾತ್ರ ಕೂಡಿಸಿ. ಲಾಭ-ನಷ್ಟ ಆಮೇಲೆ ನೋಡಿ.

• ಫಾರೆಕ್ಸ್ ಆ್ಯಪಿನಲ್ಲಿ ಹಣ ಸಿಕ್ಕಿಕೊಂಡಿದ್ದರೆ ಇನ್ನೊಂದು ಪೈಸೆ ಹಾಕಬೇಡಿ. ಪಾವತಿಯ ಎಲ್ಲ ದಾಖಲೆ ಇಟ್ಟುಕೊಂಡು ಕೂಡಲೇ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಿ. ಮೊದಲ ಕೆಲವು ತಾಸುಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

• ಫೀ, ಮದುವೆ, ಔಷಧಕ್ಕೆಂದು ಇಟ್ಟ ಹಣವನ್ನು ಯಾವ ವಾಯಿದಾಕ್ಕೂ ಮುಟ್ಟಬೇಡಿ.

ಕೊನೆಯದಾಗಿ ತಂದೆ-ತಾಯಿಗಳಿಗೆ ಒಂದು ವಿನಂತಿ. ಹೊರಗೆ ಓದುವ ಮಗ-ಮಗಳಿಗೆ ಇಂದು ರಾತ್ರಿ ಫೋನ್ ಮಾಡಿ, ಇಂಥ ಆ್ಯಪ್ ಏನಾದರೂ ಇದೆಯೇ ಎಂದು ಬೈಯದೆ ಕೇಳಿ. ಆ ಹುಡುಗ ₹20,000 ಹೋದಾಗಲೇ ಹೇಳಿದ್ದರೆ ₹1,38,000 ಉಳಿಯುತ್ತಿತ್ತು. ಏಕೆ ಹೇಳಲಿಲ್ಲ ಎಂದು ಕೇಳಿದೆ. “ಅಪ್ಪಾ ಬೈತಾರಂತ ಅಂಜಿಕಿ ಬಂತ್ರಿ ಕಾಕಾ” ಅಂದ. ಪಕ್ಕದಲ್ಲಿ ಕುಳಿತಿದ್ದ ತಂದೆ ತಲೆ ತಗ್ಗಿಸಿದರು.

ಇಂಥ ಲೆಕ್ಕ ಮಾಡಿಕೊಳ್ಳಲು ನೆರವು ಬೇಕಾದವರು ಯಾರೇ ಇರಲಿ, ಇಂಡಿಯ ನನ್ನ ಅಂಗಡಿಗೆ ಬರಬಹುದು. ಹೆಸರು ಕೇಳುವುದಿಲ್ಲ. ಕಾಗದ, ಪೆನ್ನು, ಚಹಾ ನನ್ನವು.